ಅಮಾವಾಸ್ಯೆಯ ದಿನ ತಿರುಗಿದ ಡ್ರಿಲ್

"ನಮ್ಮಪ್ಪನ್ನ ನಾನ ಕೊಂದೀನೋ ಇಲ್ಲೋ, ಅಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಬಾಗಿಲು ತೆರೆದ ತಾಯಪ್ಪ ಒಂದು ಹೆಜ್ಜೆ ಹಿಂದೆ ಸರಿದ. ರಾಯಚೂರಿನ ಆ ಕೆಂಡದಂಥ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದ ಹುಡುಗಿ ಹೊಸ್ತಿಲಾಚೆ ನಿಂತಿದ್ದಳು. ತುಟಿ ಒಣಗಿ ಬಿರಿದಿತ್ತು. ಬೆರಳ ತುದಿಗಳಲ್ಲಿ ಕಬ್ಬಿಣದ ಕೆಲಸದವರಿಗಿರುವ, ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಪೊಲೀಸ್ ಜೀಪು ಓಡಿಸುತ್ತಲೇ ಕೂದಲು ಹಣ್ಣಾಗಿಸಿಕೊಂಡ ತಾಯಪ್ಪ ಅಳುವವರನ್ನು ಬೇಕಾದಷ್ಟು ಕಂಡಿದ್ದ. ಅಳಲಾರದೆ ನಿಂತವರನ್ನು ಕಂಡರೆ ಅವನಿಗೆ ಇವತ್ತಿಗೂ ಭಯವೇ.

"ಒಳಗ ಕರಿ, ತಾಯಪ್ಪ. ಮೊದಲ ನೀರು ಕೊಡು," ಎಂದು ಒಳಗಿನಿಂದ ದನಿ ಬಂತು.

ದನಿ ಮೌನೇಶ್ವರಿಯವರದು. ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೂ ಅವರ ಮನೆಗೆ ಜನ ಬರುವುದು ತಪ್ಪಿರಲಿಲ್ಲ. ಎಲ್ಲೆಲ್ಲೂ ಮುಗಿದುಹೋಯಿತು ಎನ್ನಿಸಿಕೊಂಡ ಸಂಗತಿಗಳನ್ನು ಹೊತ್ತುಕೊಂಡು ಮಾನ್ವಿ, ದೇವದುರ್ಗದ ಕಡೆಯಿಂದಲೂ ಬರುತ್ತಿದ್ದರು. ತಾಯಪ್ಪನೂ ನಿವೃತ್ತನೇ. ಆದರೆ ಮೇಡಂ ಅವರ ಹಳೆಯ ಕಾರಿನ ಸ್ಟಿಯರಿಂಗ್ ಮತ್ತೊಬ್ಬರ ಕೈಗೆ ಕೊಡಲು ಅವನ ಮನಸ್ಸು ಒಪ್ಪಿರಲಿಲ್ಲ.

ಹುಡುಗಿಯ ಹೆಸರು ಸುಮಂಗಲಾ. ಮಾನ್ವಿಯಲ್ಲಿ ಗೇಟು, ಕಿಟಕಿ ಮಾಡುವ ಅಯ್ಯಣ್ಣನ ಒಬ್ಬಳೇ ಮಗಳು. ಐಟಿಐ ಓದಿ ಅಪ್ಪನ ಅಂಗಡಿಯಲ್ಲೇ ಕೆಲಸಕ್ಕೆ ನಿಂತವಳು.

"ಹೋದ ವರ್ಷ ನಮ್ಮಪ್ಪ ಎಚ್ಚರ ತಪ್ಪಿ ಬಿದ್ದಿದ್ದರಿ. ಎದಿ ಬಡಿತ ನಿಂತು ನಿಂತು ಬಡಿಯಾಕತ್ತಿತ್ತು. ಇಲ್ಲೇ ರಾಯಚೂರಾಗ ಪೇಸ್‌ಮೇಕರ್ ಹಾಕಿದ್ರು. ಮಷೀನ್ ಹತ್ರ ಹೋಗಬ್ಯಾಡ ಅಂತ ನಮ್ಮವ್ವ, ಕಾಕಾ, ಎಲ್ಲಾರೂ ಕೂಡ್ಸಿಬಿಟ್ರು. ಮನ್ಯಾಗ ಕುಂತು ಕುಂತು ಅರ್ಧ ಆಗಿಹೋದ. ನಾ ಡಾಕ್ಟ್ರನ್ನ ಕೇಳ್ಕೊಂಡು ಬಂದು, ವೆಲ್ಡಿಂಗ್ ನಾ ಮಾಡ್ತೀನಿ, ಡ್ರಿಲ್ಲು ಗ್ರೈಂಡರು ನೀ ಹಿಡಿ ಯಪ್ಪಾ, ಏನೂ ಆಗಂಗಿಲ್ಲ ಅಂದೆ. ನನ್ನ ಮಾತು ನಂಬಿ ಹಿಡಿದ."

ಹೋದ ಅಮಾವಾಸ್ಯೆಯ ಬೆಳಿಗ್ಗೆ ಸುಮಂಗಲಾ ಚಂದ್ರಬಂಡದಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಅಂಗಡಿಯ ಹಿಂದಿನ ಮನೆಯಲ್ಲಿದ್ದ ತಾಯಿ ವೆಂಕಮ್ಮನಿಗೆ ಡ್ರಿಲ್ಲಿನ ಸದ್ದು ಕೇಳಿಸಿತು. ಅಮಾವಾಸ್ಯೆಯ ದಿನ ಮಷೀನಿನ ಸದ್ದೇ ಎಂದು ಓಡಿಬಂದು ನೋಡಿದರೆ ಗಂಡ ಮೇಜಿನ ಕೆಳಗೆ ಬಿದ್ದಿದ್ದ. ಎದೆಯ ಪಕ್ಕದಲ್ಲಿ ಡ್ರಿಲ್ ಗುರ್ರೆಂದು ತನ್ನಷ್ಟಕ್ಕೆ ತಿರುಗುತ್ತಿತ್ತು. ಕೂಗು ಕೇಳಿ ರಸ್ತೆಯಿಂದ ಓಡಿಬಂದ ಅಯ್ಯಣ್ಣನ ತಮ್ಮ ಶೇಖರ ಪ್ಲಗ್ ಕಿತ್ತ.

"ಅಮಾಸಿಗೆ ಮಷೀನ್ ಚಾಲೂ ಮಾಡಂಗಿಲ್ಲೇನು?" ಮೌನೇಶ್ವರಿ ಕೇಳಿದರು.

"ಇಲ್ರಿ. ಗೌಂಡಿ, ಬಡಗಿ, ನಾವು, ಯಾರೂ ಅವತ್ತು ಕೆಲಸ ಮಾಡಂಗಿಲ್ಲ. ಬರೇ ಪೂಜಿ. ಅದಕ್ಕ ಊರೆಲ್ಲಾ ಅಂತದ, ಅಮಾಸಿ ಮುರಿದ, ಮಗಳ ಮಾತು ಕೇಳಿದ, ಸತ್ತ ಅಂತ." ಅವಳು ಲೋಟವನ್ನು ಕೆಳಗಿಟ್ಟಳು. "ಮಣ್ಣು ಮಾಡಿದಾಗಿಂದ ನಮ್ಮವ್ವ ನನ್ನ ಹೆಸರು ಹಿಡಿದು ಕರೆದಿಲ್ರಿ. ನಾ ಮಾಡಿದ ರೊಟ್ಟಿ ಮುಟ್ಟಿಲ್ಲ. ಇನ್ನ ನಾ ಆ ಅಂಗಡ್ಯಾಗ ಕಾಲಿಡಂಗಿಲ್ಲ."

ತಾಯಪ್ಪನ ಕೈ ತನಗೆ ಗೊತ್ತಿಲ್ಲದೆಯೇ ಎಡಗಡೆಯ ಕೊರಳೆಲುಬಿನ ಕೆಳಗೆ ಹೋಯಿತು. ಅವನ ಎದೆಯಲ್ಲೂ ಅಂಥದೇ ಪೇಸ್‌ಮೇಕರ್ ಡಬ್ಬಿ ಇತ್ತು. ಅದು ಬಂದಾಗಿನಿಂದ ಅವನು ಮಿಕ್ಸಿಯನ್ನೂ ಮುಟ್ಟಿರಲಿಲ್ಲ. ಚಟ್ನಿ ಬೇಕಾದರೆ ಕಲ್ಲಲ್ಲಿ ಅರೆಯುತ್ತಿದ್ದ, ಹೆಂಡತಿಯಿಂದ ನಗಿಸಿಕೊಳ್ಳುತ್ತಿದ್ದ. ಹುಡುಗಿಯ ಕತೆ ಕೇಳಿ ಅವನಿಗೆ ಮರುಕವಾದದ್ದು ನಿಜ. ತಾನು ಹೆದರಿದ್ದೇ ಸರಿ ಎಂದೂ ಅನ್ನಿಸಿತು.

ಅಂದೇ ಮೂವರೂ, ಅಯ್ಯಣ್ಣನಿಗೂ ತಾಯಪ್ಪನಿಗೂ ಪೇಸ್‌ಮೇಕರ್ ಹಾಕಿದ್ದ ಡಾಕ್ಟರ್ ರಾಧಾ ಅವರ ಕೋಣೆಗೆ ಹೋದರು. ದೇವದುರ್ಗದ ಕಡೆಯವರು, ಮಾತು ನೇರ.

"ಅಯ್ಯಣ್ಣನ್ನ ಮರೆಯಾಕ ಆಗಂಗಿಲ್ರಿ. ಒಂದು ಗೇಣು ಕಟಿಗಿ ಕೊಯ್ಕೊಂಡು ಬಂದಿದ್ದ. ಮಷೀನಿಗೂ ಎದಿಗೂ ಇಷ್ಟು ದೂರ ಸಾಕೇನ್ರಿ ಅಂತ ಕೇಳಿದ. ಸಾಕು, ಆದ್ರ ಎರಡು ಗೇಣಿದ್ರ ಇನ್ನೂ ಚಲೋ ಅಂದೆ. ವೆಲ್ಡಿಂಗ್ ಬ್ಯಾಡ. ಅರ್ಥಿಂಗ್ ಗಟ್ಟಿ ಇರ್ಲಿ. ಹಸಿ ಕೈಲೆ ಹಿಡಿಬ್ಯಾಡ, ರಬ್ಬರ್ ತಳದ ಬೂಟು ಹಾಕ್ಕೋ. ತಲಿ ತಿರುಗಿದ್ರ ಮಷೀನ್ ಬಿಟ್ಟು ದೂರ ಸರಿ. ಬಟನ್ ಲಾಕ್ ಮಾಡಿ ಕೆಲಸ ಮಾಡಬ್ಯಾಡ, ಕೈ ಬಿಟ್ಟ ಕೂಡಲೇ ಮಷೀನ್ ನಿಲ್ಲಬೇಕು ಅಂದಿದ್ದೆ. ಮುಂದಿನ ಸಲ ಬಂದಾಗ, ಲಾಕಿನ ಗುಂಡಿಗೆ ಅಂಟು ಮೆತ್ತಿ ಮುಚ್ಚೇಬಿಟ್ಟೀನ್ರಿ, ಇನ್ನ ಮರೆಯೋ ಮಾತೇ ಇಲ್ಲ ಅಂದು ನಕ್ಕಿದ್ದ."

"ಹಂಗಾದ್ರ ಡ್ರಿಲ್ಲಿನಿಂದ ಸತ್ತಿಲ್ಲ?" ತಾಯಪ್ಪನೇ ಕೇಳಿದ.

"ನಿಯಮದ ಪ್ರಕಾರ ಹಿಡಿದಿದ್ರ ಸಾಯೋ ಕಾರಣ ನನಗ ಕಾಣಂಗಿಲ್ಲ. ತಪ್ಪಿದ್ನೋ ಏನೋ, ನಾ ಕಂಡಿಲ್ಲ." ರಾಧಾ ಅವನ ಕಡೆ ತಿರುಗಿದರು. "ಮತ್ತ ನಿಂದೇನು? ಇನ್ನೂ ಕಲ್ಲಾಗ ಅರಿಯಾಕತ್ತೀಯೇನು? ಮಿಕ್ಸಿ ಮ್ಯಾಲ ಎದಿ ಇಟ್ಟು ಮಲಗಬ್ಯಾಡ, ಅಷ್ಟ."

ತಾಯಪ್ಪ ನಾಚಿ ತಲೆ ಕೆರೆದುಕೊಂಡ. ಆದರೆ ಹೆದರಿಕೆ ಡಾಕ್ಟರ ಮಾತಿಗೆ ಬಿಟ್ಟು ಹೋಗುವಂಥದಲ್ಲ.

ಮರುದಿನ ಮಾನ್ವಿ. ವೆಂಕಮ್ಮ ಅಂಗಡಿಯ ಕೀಲಿಯನ್ನು ಮಗಳ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಸುಮಂಗಲಾ ಅದನ್ನೆತ್ತಿ ಬಾಗಿಲು ತೆಗೆದಳೇ ಹೊರತು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಗೋಡೆಗೆ ತಾಗಿಸಿ ಒಂದು ಜೊತೆ ದಪ್ಪ ರಬ್ಬರ್ ತಳದ ಬೂಟುಗಳಿದ್ದವು. ದೂಳು ಕೂತಿತ್ತು.

"ಇವು ಯಾರವು?"

"ನಮ್ಮಪ್ಪನವು. ಅವತ್ತಿನಿಂದ ಯಾರೂ ಮುಟ್ಟಿಲ್ರಿ."

ಮಾನ್ವಿಯ ಸಬ್‌ಇನ್‌ಸ್ಪೆಕ್ಟರ್ ಅಬ್ದುಲ್ ವಹೀದ್ ಹಿಂದೊಮ್ಮೆ ಮೌನೇಶ್ವರಿಯವರ ಕೈಕೆಳಗೆ ಕೆಲಸ ಕಲಿತವನು. ಅಂದು ವಶಪಡಿಸಿಕೊಂಡಿದ್ದ ಡ್ರಿಲ್ಲನ್ನು ತಾನೇ ಹಿಡಿದು ತಂದಿದ್ದ. "ಇದೇ ಮೇಡಂ, ತಿರುಗಾಕತ್ತಿದ್ದು. ಲಾಕ್ ಒತ್ತಿತ್ತು. ಎದಿ ಡಬ್ಬಿ, ಪಕ್ಕದಾಗ ಚಾಲೂ ಮಷೀನು, ಎರಡೂ ಕಂಡ ಮ್ಯಾಲ ಯಾರಿಗೂ ಸಂಶಯ ಬರಲಿಲ್ಲ, ಹೆಣ ಕೊಯ್ಸದ ಮಣ್ಣಿಗೆ ಬಿಟ್ಟುಕೊಟ್ವಿ."

ಮೌನೇಶ್ವರಿ ಅಂಗಡಿಯನ್ನು ನಿಧಾನವಾಗಿ ಸುತ್ತಿದರು. ಪೂಜೆಯ ಹಲಗೆಯ ಮೇಲೆ ಕೈಮಷೀನುಗಳು ಸಾಲಾಗಿದ್ದವು: ಕಟ್ಟರ್, ಸಣ್ಣ ಗ್ರೈಂಡರ್, ಡ್ರಿಲ್. ಒಂದೊಂದಕ್ಕೂ ವಿಭೂತಿಯ ಮೂರು ಪಟ್ಟಿ, ನಡುವೆ ಕುಂಕುಮ, ಮೇಲೆ ಬಾಡಿದ ಚೆಂಡುಹೂವು. ಮೂಲೆಯಲ್ಲಿ ಕಬ್ಬಿಣದ ಕಂಬಕ್ಕೆ ಬಿಗಿದಿದ್ದ ದೊಡ್ಡ ಗ್ರೈಂಡರಿಗೂ ವಿಭೂತಿ ಬಳಿದಿತ್ತು. ಆದರೆ ಅಲ್ಲಿ ಪಟ್ಟಿ ಅರ್ಧಕ್ಕೇ ನಿಂತು, ಬೆರಳುಗಳು ಕೆಳಕ್ಕೆ ಜಾರಿದ ಗುರುತಿತ್ತು. ಕುಂಕುಮ ಇರಲಿಲ್ಲ. ಹೆಣ ಸಿಕ್ಕಿದ್ದು ಅಲ್ಲಲ್ಲ, ಆಚೆ ಬದಿಯ ಮೇಜಿನ ಕೆಳಗೆ.

ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿ ಇತ್ತು. ಈ ಸೀಮೆಯ ಬಿಸಿಲಿಗೆ ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡದೆಂದು ಅಯ್ಯಣ್ಣ ದಿನಾ ಅದಕ್ಕೊಂದು ಕೊಡ ನೀರು ಹೊಯ್ಯುತ್ತಿದ್ದನಂತೆ. ತಂತಿ ಬಿಗಿದ ಬೋಲ್ಟು ಪೂರಾ ತುಕ್ಕು ಹಿಡಿದಿತ್ತು. ಅದರ ತಲೆಯ ಮೂಲೆಗಳಲ್ಲಿ ಮಾತ್ರ ಸ್ಪ್ಯಾನರ್ ಹಾಕಿ ತಿರುವಿದ ಹೊಸ ಹೊಳಪು ಗೆರೆಗಳಿದ್ದವು.

"ಯವ್ವಾ," ಎಂದು ಮೌನೇಶ್ವರಿ ವೆಂಕಮ್ಮನ ಪಕ್ಕದಲ್ಲಿ ಕೂತರು, "ಅಯ್ಯಣ್ಣಗ ಕಡೀ ಸ್ನಾನ ಮಾಡಿಸಿದವರು ಯಾರು?"

"ನಾನ ಮತ್ತ ಓಣಿ ಹೆಣ್ಮಕ್ಕಳು."

"ಮೈಮ್ಯಾಲ ಹೊಸದೇನರ ಕಂಡ್ಯಾ?"

ವೆಂಕಮ್ಮ ತನ್ನ ಬಲ ಅಂಗೈ ಬಿಡಿಸಿ ನಡುವೆ ಬೆರಳಿಟ್ಟಳು. "ಬಲ ಅಂಗೈಯಾಗ ಒಂದು ಬೊಬ್ಬಿ. ಕಬ್ಬಿಣದ ಕೆಲಸದವನ ಕೈ, ಸುಟ್ಟ ಕಲಿ ನೂರಾ ಎಂಟು. ಅಂಗಾಲಾಗೂ ಒಂದು ಬೆಳ್ಳನ ಮಚ್ಚಿ ಇತ್ತು. ಯಾರಿಗಿ ಹೇಳ್ಲಿ? ಹೋಗೋದು ಹೋತು."

ಅಂಗಡಿಯ ಕೆಲಸಗಾರ ಯಲ್ಲಾಲಿಂಗ ಕೇಳಿದ್ದಕ್ಕೆಲ್ಲ ನೆಲ ನೋಡಿಕೊಂಡೇ ಉತ್ತರಿಸಿದ. ಅಮಾವಾಸ್ಯೆಯ ಹಿಂದಿನ ದಿನ ಅಯ್ಯಣ್ಣನಿಗೂ ಇವನಿಗೂ ಜೋರು ಜಗಳವಾದದ್ದು ಓಣಿಗೆಲ್ಲ ಗೊತ್ತಿತ್ತು. ಅಂಗಡಿಯ ಎರಡನೇ ಕೀಲಿಯೂ ಇವನ ಬಳಿಯೇ ಇರುತ್ತಿತ್ತು. ತಾಯಪ್ಪನ ಅನುಭವದಲ್ಲಿ ನೆಲ ನೋಡುವವರಲ್ಲಿ ಅರ್ಧ ಜನ ಕಳ್ಳರು, ಉಳಿದರ್ಧ ಕಳ್ಳರನ್ನು ಕಂಡವರು.

"ಜಗಳ ಯಾತರದು?"

"ಹಿರೇಕೊಟ್ನೆಕಲ್ಲಿನ ಹೊಲದಾಗ ನೀರಿನ ಟ್ಯಾಂಕಿನ ಸ್ಟ್ಯಾಂಡ್ ಬಿತ್ತಲ್ರಿ, ಹೋದ ಬ್ಯಾಸಗಿಗೆ. ಕೆಳಗ ಮಲಗಿದ್ದ ಕೂಲಿಯವ ಸತ್ತ. ದೇವದುರ್ಗದ ದುರುಗೇಶ ಅಂತ. ಗಾಳಿಗೆ ಬಿತ್ತು ಅಂತ ಎಲ್ಲಾರೂ ಅಂದ್ರು. ಗಾಳಿಗಲ್ರಿ. ವೆಲ್ಡಿಂಗ್ ಮಾಡೋ ಹೊತ್ನ್ಯಾಗ ಕಬ್ಬಿಣ ಹಿಡಿದವ ನಾನ. ಅಲ್ಲಲ್ಲಿ ಚುಕ್ಕಿ ಇಟ್ಟಂಗ ಅಂಟಿಸಿ, ಮ್ಯಾಲ ಬಣ್ಣ ಹೊಡೆದಿದ್ರು. ಮುಂದ ಬಂದು ಖರೇ ಹೇಳು ಅಂತ ಯಜಮಾನ್ರು ಗಂಟು ಬಿದ್ರು. ನಾ ಅಂಜಿದೆ."

"ವೆಲ್ಡಿಂಗ್ ಮಾಡಿದವರು ಯಾರು?"

"ಅದೊಂದು ಕೇಳಬ್ಯಾಡ್ರಿ. ಆ ಮನಿ ಅನ್ನ ಉಂಡೀನಿ." ಮುಂದೆ ಅವನು ಬಾಯಿ ಬಿಡಲಿಲ್ಲ.

ತಾಯಪ್ಪ ತಿರುಗಿ ಬಾಗಿಲಾಚೆ ನಿಂತ ಸುಮಂಗಲಾಳನ್ನು ನೋಡಿದ. ಅಯ್ಯಣ್ಣ ಎದೆಗೆ ಡಬ್ಬಿ ಬಂದ ಮೇಲೆ ವೆಲ್ಡಿಂಗ್ ಮುಟ್ಟಿದವನಲ್ಲ. ಆ ಅಂಗಡಿಯ ವೆಲ್ಡಿಂಗ್ ಎಲ್ಲ ಈಗ ಹುಡುಗಿಯದೇ.

ಶೇಖರನದೂ ಅಣ್ಣನ ಹಾಗೆ ಕಬ್ಬಿಣದ ಕೆಲಸವೇ. ಅವನು ಮುಂದಿನ ಓಣಿಯಲ್ಲಿ ಹೊಸ ಮನೆಯೊಂದಕ್ಕೆ ಗೇಟು ಕೂಡಿಸುತ್ತಿದ್ದ. ಅಣ್ಣನ ಮಾತೆತ್ತಿದ ಕೂಡಲೇ ಕಣ್ಣು ಒದ್ದೆಯಾದವು. ಅಂದು ನಸುಕಿಗೇ ನೀರಮಾನ್ವಿ ಯಲ್ಲಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ವಾಪಸು ಬರುವಾಗ ಅತ್ತಿಗೆಯ ಕೂಗು ಕೇಳಿತು ಎಂದ. "ಅಮಾಸಿ ಮುರಿದ್ರ ದೇವರು ಬಿಡ್ತಾನೇನ್ರಿ? ಮ್ಯಾಲ ಎದ್ಯಾಗ ಡಬ್ಬಿ. ನಾ ಬಡ್ಕೊಂಡೆ, ಮಷೀನ್ ಬ್ಯಾಡಣ್ಣ ಅಂತ. ಮಗಳ ಮಾತೇ ಹೆಚ್ಚಾತು." ಮನೆಯ ಮಾಲೀಕ ಒಳಗಿನಿಂದ ಒಂದು ಹಳೆಯ ಡ್ರಿಲ್ ತಂದುಕೊಟ್ಟ. ಶೇಖರ ಅದನ್ನು ತೆಗೆದುಕೊಳ್ಳುತ್ತಾ, "ನಂದು ಮೋಟಾರ್ ಸುಟ್ಟದ, ರಿಪೇರಿ ಖಲೀಲನ ಹತ್ರ ವೈಂಡಿಂಗಿಗೆ ಕೊಟ್ಟೀನ್ರಿ," ಎಂದು ಯಾರೂ ಕೇಳದಿದ್ದರೂ ಹೇಳಿದ.

"ಪಾಪ, ನಿನಗ ಭಾಳ ತ್ರಾಸು," ಎಂದರು ಮೌನೇಶ್ವರಿ.

ದೇವದುರ್ಗದ ದಾರಿಯುದ್ದಕ್ಕೂ ತಾಯಪ್ಪನಿಗೆ ನೆಮ್ಮದಿ ಇರಲಿಲ್ಲ. ಅದು ಅವನ ಸ್ವಂತ ಸೀಮೆ, ಆದರೆ ಇವತ್ತು ದಾರಿ ಮುಗಿಯದಿದ್ದರೆ ಸಾಕಿತ್ತು. ಸತ್ತ ದುರುಗೇಶನ ಹೆಂಡತಿ ಬೂದೆಮ್ಮ ಗುಡಿಸಲಿನ ಮುಂದೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅಯ್ಯಣ್ಣನ ಹೆಸರು ಕೇಳಿದೊಡನೆ ಕೈ ನಿಂತಿತು.

"ಬಂದಿದ್ದ ನೋಡ್ರಿ ಆ ಯಪ್ಪ, ಅಮಾಸಿಗಿಂತ ಮುಂಚೆ. ನನ್ನ ಕಾಲು ಮುಟ್ಟಾಕ ಬಂದ. ಗಾಳಿಯಿಂದಲ್ಲ ಯವ್ವಾ, ಕೈಯಿಂದ ಆದ ಪಾಪ ಇದು ಅಂದ. ಅಮಾಸಿ ಮುಗೀಲಿ, ಮಾಡಿದವರ ಕೈ ಹಿಡ್ಕೊಂಡು ಬಂದು ನಿನ್ನ ಮುಂದ ನಿಲ್ಲಸ್ತೀನಿ, ಆ ಮ್ಯಾಲ ಪೊಲೀಸ್ ಠಾಣಿ ಅಂದ. ಯಾರು ಅಂತ ಕೇಳಿದೆ. ನನ್ನ ರಕ್ತ ಅಂದು ಅತ್ತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬರ್ತೀನಿ ಅಂದವ ಬರಲಿಲ್ರಿ. ಎಲ್ಲಾರಂಗ ಇವನೂ ಸುಳ್ಳು ಹೇಳಿದ ಅಂತ ನಾ ಶಾಪ ಹಾಕಿದೆ."

"ಸುಳ್ಳು ಹೇಳಿಲ್ಲ, ಬೂದೆಮ್ಮ. ಬರಾಕ ಅವಗ ಆಗಲಿಲ್ಲ," ಎಂದರು ಮೌನೇಶ್ವರಿ. ಅವಳನ್ನೂ ಕಾರಿನಲ್ಲಿ ಕೂಡಿಸಿಕೊಂಡರು.

ಹಿಂದಿನ ಸೀಟಿನಲ್ಲಿ ಬೂದೆಮ್ಮ ತೂಕಡಿಸಿದಾಗ ತಾಯಪ್ಪ ಪಿಸುಗುಟ್ಟಿದ. "ಮೇಡಂ ಅವರ, ನನ್ನ ರಕ್ತ ಅಂದ್ರ... ಆ ಹುಡುಗಿ ಏನ್ರಿ? ಹಂಗಿದ್ರ ನಮ್ಮ ಮನಿಗಿ ಯಾಕ ಬರ್ತಿದ್ಲು?"

"ರಕ್ತ ಅಂದ್ರ ಮಗಳು ಒಬ್ಬಳ ಅಲ್ಲ, ತಾಯಪ್ಪ. ನಾಳೆ ನಿನ್ನಿಂದ ಒಂದು ಕೆಲಸ ಆಗಬೇಕು. ಅಂಜಬಾರದು."

ಮಾತಿನ ಧಾಟಿಯಲ್ಲೇ ತಾಯಪ್ಪನಿಗೆ ಅಂಜಿಕೆ ಶುರುವಾಯಿತು.

ಮರುದಿನ ಎಲ್ಲರೂ ಅಯ್ಯಣ್ಣನ ಅಂಗಡಿಯಲ್ಲಿ ಸೇರಿದರು. ವೆಂಕಮ್ಮ ಗೋಡೆಗೊರಗಿದ್ದಳು. ಬೂದೆಮ್ಮ ಬಾಗಿಲ ಬಳಿ ಕೂತಿದ್ದಳು. ಶೇಖರ, ಯಲ್ಲಾಲಿಂಗ, ಮೋಟಾರು ರಿಪೇರಿಯ ಖಲೀಲ್ ನಿಂತಿದ್ದರು. ಡಾಕ್ಟರ್ ರಾಧಾ ರಾಯಚೂರಿನಿಂದ ಬಂದಿದ್ದರು. ಸುಮಂಗಲಾ ಮಾತ್ರ ಹೊಸ್ತಿಲ ಹೊರಗೆ, ಅಪ್ಪನ ಬೂಟುಗಳ ಪಕ್ಕದಲ್ಲಿ ನಿಂತಿದ್ದಳು. ವಹೀದ್ ತನ್ನಲ್ಲಿದ್ದ ಡ್ರಿಲ್ಲನ್ನು ಮೇಜಿನ ಮೇಲಿಟ್ಟ.

"ತಾಯಪ್ಪ, ಬೂಟು ಹಾಕ್ಕೊಂಡೀಯಲ್ಲ? ಮೇಜಿನ ಮ್ಯಾಲಿನ ಕಟಿಗಿ ತುಂಡಿಗೆ ಒಂದು ತೂತು ಹೊಡಿ," ಎಂದರು ಮೌನೇಶ್ವರಿ.

ತಾಯಪ್ಪ ಡಾಕ್ಟರ ಮುಖ ನೋಡಿದ. ರಾಧಾ ತಲೆಯಾಡಿಸಿ, "ಬಲಗೈಯಾಗ ಹಿಡಿ, ಎಡಗೈ ಆಸರಕ್ಕ. ಎದಿಯಿಂದ ದೂರ. ಲಾಕ್ ಒತ್ತಬ್ಯಾಡ. ನಾ ಇಲ್ಲೇ ಅದೀನಿ," ಎಂದರು. ಅವನು ಮನಸ್ಸಿನಲ್ಲೇ ಮನೆದೇವರಿಗೊಂದು ಕಾಯಿ ಹರಕೆ ಹೊತ್ತು ಬಟನ್ ಒತ್ತಿದ. ಡ್ರಿಲ್ ಗುರ್ರೆಂದಿತು. ವೆಂಕಮ್ಮ ಕಿವಿ ಮುಚ್ಚಿಕೊಂಡಳು. ಕಟ್ಟಿಗೆಯಿಂದ ಹೊಟ್ಟು ಉದುರಿತು. ತಾಯಪ್ಪನ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಬರೀ ಪುಕ್ಕಲುತನದಿಂದ. ತೂತು ಬಿತ್ತು. ಬೆರಳು ಬಿಟ್ಟ ಕೂಡಲೇ ಮಷೀನು ನಿಂತಿತು. ತಾಯಪ್ಪ ಇನ್ನೂ ನಿಂತೇ ಇದ್ದ.

"ಇವನ ಎದ್ಯಾಗೂ ಅಂಥಾದೇ ಡಬ್ಬಿ ಅದ," ಎಂದರು ಮೌನೇಶ್ವರಿ. "ಸುಮಂಗಲಾ ಅಪ್ಪಗ ಹೇಳಿದ್ದು ಖರೇ ಮಾತು. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ, ಮಷೀನ್ ಕೊಂತು ಅಂದ ಕೂಡಲೇ ಊರೆಲ್ಲಾ ನಂಬಿತು. ಈಗ ನಾ ಕಂಡದ್ದು ಕೇಳ್ರಿ."

ಅವರು ಹೊರಗಿನ ಬೂಟಿನತ್ತ ಕೈ ತೋರಿಸಿದರು. "ಕೆಲಸಕ್ಕ ನಿಂತಿದ್ರ ಅಯ್ಯಣ್ಣನ ಕಾಲಾಗ ಈ ಬೂಟು ಇರ್ತಿತ್ತು. ಬರಿಗಾಲಾಗ ಅವ ಈ ಅಂಗಡಿ ಒಳಗ ಬರೋದು ಪೂಜಿಗೆ ಮಾತ್ರ. ಅಂದ್ರ ಅವ ಮಷೀನ್ ಚಾಲೂ ಮಾಡಾಕ ಬಂದವ ಅಲ್ಲ. ಅಮಾಸಿ ಮುರಿದವ ಅಲ್ಲ."

ವೆಂಕಮ್ಮ ತಲೆಯೆತ್ತಿದಳು.

"ಎರಡನೇದು, ಈ ಡ್ರಿಲ್. ಹೆಣದ ಪಕ್ಕ ತಿರುಗಾಕತ್ತಿತ್ತು, ಅಂದ್ರ ಲಾಕ್ ಒತ್ತಿತ್ತು. ಅಯ್ಯಣ್ಣ ತನ್ನ ಡ್ರಿಲ್ಲಿನ ಲಾಕಿಗೆ ಅಂಟು ಮೆತ್ತಿ ಮುಚ್ಚಿದ್ದ. ವಹೀದ್, ಇದರಾಗ ಅಂಟು ಅದ ಏನು?"

"ಇಲ್ಲ ಮೇಡಂ."

ಅವರು ಪೂಜೆಯ ಹಲಗೆಯಿಂದ ಕುಂಕುಮ ಹಚ್ಚಿದ ಡ್ರಿಲ್ಲನ್ನು ಎತ್ತಿ ಬಾಗಿಲ ಕಡೆ ಹಿಡಿದರು. ಅದರ ಲಾಕಿನ ಗುಂಡಿಯ ಮೇಲೆ ಬೂದು ಬಣ್ಣದ ಗಟ್ಟಿ ಅಂಟು ಕಾಣುತ್ತಿತ್ತು.

"ಅದ ನಮ್ದು! ನಮ್ಮಪ್ಪಂದು ಅದ!" ಹೊರಗಿನಿಂದ ಸುಮಂಗಲಾ ಕೂಗಿದಳು. "ನಮ್ಮ ಹತ್ರ ಇರೋದು ಒಂದ ಡ್ರಿಲ್ಲು. ಪೊಲೀಸರು ಒಯ್ದದ್ದು ಅದ ಅಂದ್ಕೊಂಡಿದ್ದೆ."

"ಒಳಗ ಬಂದಿದ್ರ ನಿನಗ ಅವತ್ತ ಗೊತ್ತಾಗ್ತಿತ್ತು. ಮೂರನೇದು, ಆ ದೊಡ್ಡ ಗ್ರೈಂಡರ್. ಎಲ್ಲಾದಕ್ಕೂ ವಿಭೂತಿ ಪೂರ್ತಿ, ಅದಕ್ಕ ಅರ್ಧ. ಜಳಕ ಮಾಡಿ ಬಂದವ, ಹಸಿ ಕೈ, ಹಸಿ ಕಾಲು. ವರ್ಷದಾಗ ಎಲ್ಲಾ ದಿನ ನಿಯಮ ಪಾಲಿಸಿದವ, ಪೂಜಿ ದಿನ ದೇವರ ಮುಂದ ಬೂಟು ಬಿಚ್ಚತಾನ, ಮಷೀನಿಗೆ ಅಂಗೈ ಹಚ್ಚತಾನ. ಅದು ಬಲ್ಲವರೊಬ್ಬರು ಆ ಕಬ್ಬಿಣದ ಮೈಗೇ ಕರೆಂಟು ಕೊಟ್ಟಿದ್ರು, ಹಿತ್ತಿಲದಾಗಿನ ಬೋಲ್ಟು ತಿರುವಿ ಅರ್ಥಿಂಗಿನ ತಂತಿ ಬಿಚ್ಚಿದ್ರು. ವೆಂಕಮ್ಮ ಕಂಡ ಅಂಗೈ ಬೊಬ್ಬಿ, ಅಂಗಾಲ ಮಚ್ಚಿ ಎರಡೂ ಅದರವ. ಆ ಮ್ಯಾಲ ಎಲ್ಲಾ ಮೊದಲಿನಂಗ ಜೋಡಿಸಿ, ಹೆಣ ಎಳೆದು ಮೇಜಿನ ಕೆಳಗ ಹಾಕಿ, ಇನ್ನೊಂದು ಡ್ರಿಲ್ ಚಾಲೂ ಮಾಡಿ ಇಟ್ಟು ಹೊರಗ ಹೋದ್ರು. ಕೊಂದದ್ದು ಮಷೀನಿನ ಕೆಲಸ ಅಲ್ಲ, ಮಷೀನಿನ ಪೂಜಿ."

ತಾಯಪ್ಪ ಗ್ರೈಂಡರಿನಿಂದ ದೂರ ಸರಿದು ನಿಂತ. ಕೈ ಮುಗಿಯುವ ಕ್ಷಣವನ್ನೇ ಉರುಲು ಮಾಡಿದವನು ಎಂಥವನಿರಬೇಕು!

"ಇನ್ನ ಈ ಎರಡನೇ ಡ್ರಿಲ್ ಯಾರದು? ಯಲ್ಲಾಲಿಂಗಗ ಸ್ವಂತದ್ದು ಇಲ್ಲ. ಖಲೀಲ್, ನಿನ್ನ ಹತ್ರ ಶೇಖರನ ಡ್ರಿಲ್ ವೈಂಡಿಂಗಿಗೆ ಬಂದದ ಏನು?"

"ನನ್ನ ಹತ್ರ? ಇಲ್ರಿ ಮೇಡಂ," ಖಲೀಲ್ ಅಚ್ಚರಿಯಿಂದ ಶೇಖರನನ್ನು ನೋಡಿದ. "ಶೇಖರ್ ಭಾಯ್ ಈಚೆಗೆ ನನ್ನ ದುಕಾನಿಗೇ ಬಂದಿಲ್ಲ."

"ನನ್ನ ರಕ್ತ ಅಂದಿದ್ದ ಅಯ್ಯಣ್ಣ, ಈ ಬೂದೆಮ್ಮನ ಮುಂದ. ಮಗಳಾಗಿದ್ರ ಅವಳು ನನ್ನ ಬಾಗಿಲಿಗಿ ಬಂದು ಮುಗಿದುಹೋದ ಮಾತು ಮತ್ತ ಕೆದರತಿರಲಿಲ್ಲ. ಉಳಿದವ ಒಡಹುಟ್ಟಿದವ ಒಬ್ಬನ." ಮೌನೇಶ್ವರಿ ಈಗ ನೇರವಾಗಿ ಶೇಖರನ ಮುಂದೆ ನಿಂತರು. ದನಿ ಮಾತ್ರ ಏರಲಿಲ್ಲ. "ಒಂದ ತಿಳೀಲಿಲ್ಲ ನನಗ, ಶೇಖರ. ನಿಮ್ಮಣ್ಣನ ಡ್ರಿಲ್ ಕೈಗೆ ಸಿಗೋಹಂಗ ಅಲ್ಲೇ ಇತ್ತು. ಅದನ್ನ ಬಿಟ್ಟು ನಿನ್ನ ಡ್ರಿಲ್ ಯಾಕ ತಂದಿ?"

"ಪೂಜಿ ಮಾಡಿದ ಮಷೀನು ಅಮಾಸಿ ದಿನ ಹ್ಯಾಂಗ ಚಾಲೂ ಮಾಡ್ಲಿ?" ಎಂದುಬಿಟ್ಟ ಶೇಖರ.

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅದು ಕೇಳಿಸಿತು. ಬಾಯಿ ತೆರೆದೇ ಇತ್ತು. ಅಣ್ಣನ ಜೀವ ತೆಗೆಯಲು ಹಿಂಜರಿಯದ ಕೈ, ಕುಂಕುಮ ಹಚ್ಚಿದ ಕಬ್ಬಿಣವನ್ನು ಮುಟ್ಟಲು ಹೆದರಿತ್ತು.

"ಹೌದ್ರಿ," ಎಂದು ಯಲ್ಲಾಲಿಂಗ ಅಳುತ್ತಾ ಮುಂದೆ ಬಂದ. "ಟ್ಯಾಂಕಿನ ಸ್ಟ್ಯಾಂಡ್ ಶೇಖರಪ್ಪಂದ ರಿ. ಹಿಂದಿನ ದಿನ ಕೀಲಿ ಕೇಳಿ ಇಸ್ಕೊಂಡಿದ್ದ. ಅಣ್ಣನ ಪೂಜಿಗೆ ಹೂವು ಇಡ್ತೀನಿ ಅಂದ. ನಾ ನಂಬಿದೆ."

ಶೇಖರ ನೆಲಕ್ಕೆ ಕುಸಿದ. "ಜೈಲಿಗೆ ಹೋಗು ಅಂದ, ಯವ್ವಾ. ಒಡಹುಟ್ಟಿದ ತಮ್ಮನ್ನ. ನಾ ಬೇಕಂತ ಕೊಂದಿದ್ನೇನು ಆ ಕೂಲಿಯವನ್ನ? ಆ ಮುದುಕಗ ಹೆಂಗೂ ಎದಿ ಸರಿ ಇರಲಿಲ್ಲ..."

ವೆಂಕಮ್ಮ ಬಂದು ಅವನ ಮುಂದೆ ನಿಂತಳು. ಹೊಡೆಯುತ್ತಾಳೆ ಎಂದುಕೊಂಡ ತಾಯಪ್ಪ. ಅವಳು ಹೊಡೆಯಲಿಲ್ಲ. "ಹೆಣದ ಮ್ಯಾಲ ಬಿದ್ದು ಅತ್ತೀಯಲ್ಲೋ. ನನ್ನ ಮಗಳ ಕಡೆ ಬಟ್ಟು ಮಾಡಿ ತೋರಿಸಿ ಅತ್ತೀಯಲ್ಲೋ," ಎಂದಳು ಅಷ್ಟೇ. ಬೂದೆಮ್ಮ ಬಾಗಿಲಲ್ಲಿ ಕೂತಲ್ಲೇ ಅಯ್ಯಣ್ಣನ ಬೂಟುಗಳಿಗೆ ಕೈ ಮುಗಿದಳು. ವಹೀದ್ ಶೇಖರನ ತೋಳು ಹಿಡಿದೆಬ್ಬಿಸಿದ.

ತಹಶೀಲ್ದಾರರ ಎದುರು ಗೋರಿ ಅಗೆಸಿ ಹೆಣ ಪರೀಕ್ಷೆ ಮಾಡಿಸಿದರು. ಅಂಗೈಯ ಗುರುತೂ ಅಂಗಾಲಿನ ಗುರುತೂ ಕರೆಂಟಿನವೇ ಎಂದು ಖಾತ್ರಿಯಾಯಿತು. ಎದೆಯ ಡಬ್ಬಿಯನ್ನು ತೆಗೆದು ಪರೀಕ್ಷಿಸಿದ ಡಾಕ್ಟರ್ ರಾಧಾ ತಾವೇ ಸುಮಂಗಲಾಳಿಗೆ ಫೋನು ಮಾಡಿದರು. ಅವಳಾಗ ಮೌನೇಶ್ವರಿಯವರ ಮನೆಗೆ ಬಂದಿದ್ದಳು; ಮಾತು ಮುಗಿದ ಮೇಲೂ ಫೋನನ್ನು ಕಿವಿಗೆ ಹಿಡಿದೇ ಇದ್ದಳು.

"ಅದು ಕೆಟ್ಟಿರಲಿಲ್ಲಂತ," ಎಂದಳು ಕೊನೆಗೆ, ತಾಯಪ್ಪನಿಗೆ. "ಗೋರ್ಯಾಗಿಂದ ತೆಗೆದಾಗೂ ಬಡಿಯಾಕತ್ತಿತ್ತಂತ. ನಮ್ಮಪ್ಪ ಇಲ್ಲ ಅಂತ ಅದಕ್ಕ ಯಾರೂ ಹೇಳಿರಲಿಲ್ಲಲ್ರಿ." ಆಗ ಅವಳಿಗೆ ಅಳು ಬಂತು. ಮಣ್ಣು ಮಾಡಿದ ದಿನದಿಂದ ತಡೆದಿದ್ದೆಲ್ಲ ಒಮ್ಮೆಲೇ ಬಂತು. ತಾಯಪ್ಪನೂ ಮುಖ ಆಚೆ ತಿರುಗಿಸಿಕೊಂಡು ಅತ್ತ. ತಡೆಯುವ ಪ್ರಯತ್ನ ಅವನೂ ಮಾಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ಮೌನೇಶ್ವರಿಯವರಿಗೂ ತಾಯಪ್ಪನಿಗೂ ಮಾನ್ವಿಯಿಂದ ಕರೆ ಬಂದಿತ್ತು. ಇವರು ಹೋಗುವ ಹೊತ್ತಿಗೆ ಸುಮಂಗಲಾ ಹಿತ್ತಿಲ ಅರ್ಥಿಂಗ್ ಗುಂಡಿಗೆ ಕೊಡ ನೀರು ಹೊಯ್ದು, ಸ್ನಾನ ಮುಗಿಸಿ, ವಿಭೂತಿಯ ತಟ್ಟೆ ಹಿಡಿದು ಅಂಗಡಿಯ ಮುಂದೆ ನಿಂತಿದ್ದಳು. ಕಾಲಲ್ಲಿದ್ದ ಚಪ್ಪಲಿ ಬಿಟ್ಟು ಹೊಸ್ತಿಲವರೆಗೆ ಬಂದಳು, ಅಲ್ಲಿಗೇ ನಿಂತಳು. ಒಳಗಿನ ದೊಡ್ಡ ಗ್ರೈಂಡರನ್ನು ನೋಡುತ್ತಿದ್ದಳು. ಮೇನ್ ಸ್ವಿಚ್ ತೆಗೆದಿದೆ ಎಂದು ಯಲ್ಲಾಲಿಂಗ ಮತ್ತೆ ಮತ್ತೆ ಹೇಳಿದರೂ ಕಾಲು ಏಳಲಿಲ್ಲ.

ವೆಂಕಮ್ಮ ಮನೆಯಿಂದ ಹೊರಗೆ ಬಂದಳು. ಗೋಡೆಯ ಬದಿಗಿದ್ದ ಗಂಡನ ಬೂಟುಗಳನ್ನು ಎತ್ತಿಕೊಂಡು, ಸೆರಗಿನಿಂದ ದೂಳು ಒರೆಸಿ, ಮಗಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು.

"ಹಾಕ್ಕೊ, ಸುಮಂಗಲಾ."

"ಬೂಟು ಹಾಕ್ಕೊಂಡು ಪೂಜಿ ಮಾಡ್ಲೇನು ಬೇ?"

"ಹಾಕ್ಕೊಂಡ ಮಾಡು. ದೇವರು ಏನರ ಅಂದ್ರ ನಾ ಮಾತಾಡ್ತೀನಿ."

ಮಗಳ ಪಾದಕ್ಕೆ ದೊಡ್ಡದಾಗಿದ್ದ ಬೂಟುಗಳ ದಾರವನ್ನು ವೆಂಕಮ್ಮ ತಾನೇ ಬಿಗಿಯಾಗಿ ಎಳೆದು ಕಟ್ಟಿದಳು. ಸುಮಂಗಲಾ ಹೊಸ್ತಿಲು ದಾಟಿ ಒಳಗೆ ಹೋದಳು, ಗ್ರೈಂಡರಿನ ಮೇಲೆ ಅರ್ಧಕ್ಕೆ ನಿಂತಿದ್ದ ವಿಭೂತಿಯ ಪಟ್ಟಿಯನ್ನು ಪೂರ್ತಿ ಎಳೆದಳು.